ಅಳು ಬರಲಿ, ಬಸ್ಸು ಬಿಡಬೇಡಿ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಾಯಿಸಿದ್ದೇನೆ.)

ಉಡುಪಿ ಕಡೆಯ ಮೂವತ್ತರ ಆಸುಪಾಸಿನ ಮಹಿಳೆ. ಮಂಗಳೂರಿನಲ್ಲಿ ಕೆಲಸ, ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಓಡಾಟ. ನಾಲ್ಕು ತಿಂಗಳ ಹಿಂದೆ ಅವರ ಅಮ್ಮ ಹೃದಯಾಘಾತದಿಂದ ತೀರಿಕೊಂಡರು. ಬೊಜ್ಜ (ಸತ್ತವರ ಉತ್ತರಕ್ರಿಯೆ) ಮುಗಿದು ಕೆಲಸಕ್ಕೆ ಹೊರಟ ಮೊದಲ ವಾರ, ಪಡುಬಿದ್ರಿ ದಾಟುವಾಗ ಎದೆ ಡವಡವ ಹೊಡೆದುಕೊಂಡಿತು, ಉಸಿರು ಕಟ್ಟಿದ ಹಾಗಾಯಿತು. ನಡುವೆಯೇ ಇಳಿದುಬಿಟ್ಟರು. ಇಸಿಜಿ, ಥೈರಾಯ್ಡ್ ಎಲ್ಲ ಸರಿ ಇತ್ತು. ಪ್ಯಾನಿಕ್ ಅಟ್ಯಾಕ್, ಅಂದರೆ ಏಕಾಏಕಿ ಉಕ್ಕುವ ತೀವ್ರ ಭಯ ಎಂದು ಹೇಳಿದ ವೈದ್ಯರು, ಮನಸ್ಸಿನ ತೊಂದರೆಗಳನ್ನು ನೋಡುವ ನನ್ನ ಬಳಿ ಕಳಿಸಿದರು.

ಮನೆಯವರು ಪ್ರೀತಿಯಿಂದಲೇ ಎರಡು ಮಾತು ಹೇಳಿದ್ದರು. "ಅಳುದು ಬೇಡ ಮಾರಾಯ್ತಿ, ಅಮ್ಮನಿಗೆ ಶಾಂತಿ ಸಿಗ್ಲಿಕ್ಕಿಲ್ಲ." ಇನ್ನೊಂದು, "ಬಸ್ಸು ಬೇಡ, ಅಣ್ಣ ಕಾರಿನಲ್ಲಿ ಬಿಡ್ತಾನೆ." ನನಗೆ ಎರಡೂ ತಿರುಗುಮುರುಗಾಗಿ ಕಂಡವು. ಬರಲಿ ಎಂದು ಬಿಡಬೇಕಾದ ಅಳುವನ್ನು ತಡೆದಿದ್ದರು. ಎದುರಿಸಬೇಕಾದ ಭಯಕ್ಕೆ ದಾರಿ ಬಿಟ್ಟುಕೊಟ್ಟಿದ್ದರು.

"ಕೆಲವರು ಒಪ್ಪಿಕೊಳ್ಳಿ ಅಂತಾರೆ, ಕೆಲವರು ಗೆಲ್ಲಬೇಕು ಅಂತಾರೆ. ನಾನು ಎಂತ ಮಾಡುದು ಮೇಡಂ?" ಎಂದು ಕೇಳಿದರು.

ಅಮ್ಮನ ಫೋಟೋ ಕಪಾಟಿನೊಳಗೆ ಇಟ್ಟಿದ್ದರು. ಅಮ್ಮನ ನೆನಪು ತರುವ ಪತ್ರೊಡೆ (ಕೆಸುವಿನ ಎಲೆಯ ತಿಂಡಿ) ಕಂಡರೆ ಎದ್ದು ಹೋಗುತ್ತಿದ್ದರು. ಆದರೂ ನೆನಪು ಜಾಸ್ತಿಯೇ ಆಗುತ್ತಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಜನರಿಗೆ ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಹೇಳಿ ನೋಡಿದರು. ಆ ಜನರಿಗೆ ಅದೇ ಮತ್ತೆ ಮತ್ತೆ ನೆನಪಾಯಿತು. ಹಾಗಾಗಿ ಫೋಟೋ ಹೊರಗೆ ತೆಗೆಯಿರಿ, ಚಿಕ್ಕಮ್ಮನ ಹತ್ತಿರ ಅಮ್ಮನ ಬಗ್ಗೆ ಮಾತಾಡಿ, ಅಳು ಬಂದರೆ ಅಳಿ ಎಂದೆ. ನಾಲ್ಕು ತಿಂಗಳಿಗೆ ಅಳುವುದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೂ ದೀರ್ಘ ಶೋಕವನ್ನು ಕಾಯಿಲೆ ಎನ್ನಬೇಕಾದರೆ ಕನಿಷ್ಠ 6 ತಿಂಗಳು ಕಳೆದಿರಬೇಕು, ಬದುಕೇ ನಿಂತುಹೋಗುವಷ್ಟು ತೀವ್ರವಾಗಿಯೂ ಇರಬೇಕು.

ಬಸ್ಸಿನ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ನಿಂತೆ. ಭಯ ಹೆಚ್ಚಿದಾಗ ಇಳಿದರೆ, ಇಳಿದದ್ದರಿಂದಲೇ ಬದುಕಿದೆ ಎಂದು ಮನಸ್ಸು ಕಲಿಯುತ್ತದೆ. ಮರುದಿನ ಭಯ ಇನ್ನೂ ಬೇಗ ಬರುತ್ತದೆ. ಪ್ಯಾನಿಕ್ ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿ ಮುಟ್ಟಿ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಅದು ಇಳಿಯುವುದನ್ನು ಬಸ್ಸಿನೊಳಗೇ ಕೂತು ನೋಡಬೇಕು, ಅಲ್ವಾ?

ಉಡುಪಿಯಿಂದ ಕಾಪುವಿನವರೆಗೆ ಶುರು ಮಾಡಿದೆವು. ಅದು ಸಲೀಸಾದ ಮೇಲೆ ಪಡುಬಿದ್ರಿ, ಮತ್ತೆ ಮುಲ್ಕಿ. ಎದೆ ಹೊಡೆದುಕೊಂಡರೆ ಅದನ್ನು ನಿಲ್ಲಿಸಲು ಹೋಗಬೇಡಿ, ಹೊಡೆದುಕೊಳ್ಳಲಿ, ಆದರೆ ಮೊದಲೇ ಗೊತ್ತು ಮಾಡಿದ ಸ್ಟಾಪಿನಲ್ಲೇ ಇಳಿಯಿರಿ ಎಂದಿದ್ದೆ. ಅವರ ಪ್ರಶ್ನೆಗೆ ನನ್ನ ಉತ್ತರ ಇದೇ ಆಗಿತ್ತು: ಮೈಯೊಳಗೆ ಏಳುವುದನ್ನು ಒಪ್ಪಿಕೊಳ್ಳಿ, ಭಯ ಹೇಳಿದ ಹಾಗೆ ಮಾತ್ರ ನಡೆಯಬೇಡಿ. ಪ್ರಯಾಣದುದ್ದಕ್ಕೂ ಅಣ್ಣನ ಜೊತೆ ಫೋನಿನಲ್ಲಿರುತ್ತಿದ್ದರು. ಅದನ್ನೂ ಬಿಡಿಸಿದೆ. ಇಲ್ಲದಿದ್ದರೆ ಧೈರ್ಯದ ಲೆಕ್ಕವೆಲ್ಲ ಫೋನಿಗೇ ಹೋಗುತ್ತಿತ್ತು. ಇಷ್ಟನ್ನು ಹೇಳಲು ಧೈರ್ಯ ಬಂದದ್ದು ವೈದ್ಯರ ತಪಾಸಣೆ ಮೊದಲೇ ಆಗಿದ್ದರಿಂದ. ಎದೆನೋವನ್ನು ಯಾರೂ ಸುಮ್ನೆ ಪ್ಯಾನಿಕ್ ಎಂದುಕೊಳ್ಳಬಾರದು.

ಈಗ ಸುರತ್ಕಲ್‌ವರೆಗೆ ಒಬ್ಬರೇ ಹೋಗುತ್ತಾರೆ. ಕೆಲವು ದಿನ ಬಸ್ಸಿನಲ್ಲೇ ಕಣ್ಣು ತುಂಬುತ್ತದಂತೆ, ಒರೆಸಿಕೊಂಡು ಕೂರುತ್ತಾರೆ. ರಾತ್ರಿ ತಡೆಯಲಾಗದಿದ್ದರೆ ಕನ್ನಡದಲ್ಲೇ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಕೊಟ್ಟಿದ್ದೇನೆ. ಅಣ್ಣನಿಗೂ ಬರಲು ಹೇಳಿದ್ದೇನೆ. ಬೊಜ್ಜದ ಕೆಲಸವೆಲ್ಲ ಓಡಾಡಿ ಮಾಡಿದವರು ಅವರೇ, ಅಮ್ಮನ ಬಗ್ಗೆ ಅವರು ಇನ್ನೂ ಯಾರ ಹತ್ತಿರವೂ ಮಾತಾಡಿಲ್ಲ.