ರೂಟರ್ ಬದಲಾದ ಮೇಲೆ ಗಲ್ಲಾದ ಕಂಪ್ಯೂಟರಿಗೆ ಸರ್ವರ್ ಸಿಗುತ್ತಿಲ್ಲ, ಹೊಸ ಪಿಸಿಯಲ್ಲಿ ಬಿಲ್ಲಿಂಗ್ ತೆರೆಯುತ್ತಲೇ ಇಲ್ಲ. ಎಲ್ಲ ಫಾರ್ಮ್ಯಾಟ್ ಮಾಡಬೇಕೇ?

ಫಾರ್ಮ್ಯಾಟ್ ಬೇಡ. ನೀವು ಬರೆದದ್ದು ನನಗೆ ಅರ್ಥವಾದದ್ದು ಹೀಗೆ: ಡೊಂಬಿವಲಿಯ ಹೋಟೆಲು, ಒಳಗಿನ ಆಫೀಸಿನ ವಿಂಡೋಸ್ 10 ಕಂಪ್ಯೂಟರೇ ಸರ್ವರ್, ಅದರಲ್ಲಿ ಬಿಲ್ಲಿಂಗಿನ ಡೇಟಾ ಇಡುವ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್. ಹೋದ ವಾರ ಇಂಟರ್ನೆಟ್‌ನವರು ಹೊಸ ರೂಟರ್ ಇಟ್ಟು ಹೋದರು. ಅಂದಿನಿಂದ ಗಲ್ಲಾದಲ್ಲಿ 'ಎರರ್ 26', ಅಡುಗೆಮನೆಯ ಪ್ರಿಂಟರಿಗೆ ಕೆಓಟಿಯೂ (ಆರ್ಡರಿನ ಚೀಟಿ) ಹೋಗುತ್ತಿಲ್ಲ. ಪಾರ್ಸೆಲ್ ಕೌಂಟರಿಗೆಂದು ಲ್ಯಾಮಿಂಗ್ಟನ್ ರೋಡಿನಿಂದ ತಂದ ವಿಂಡೋಸ್ 11 ಪಿಸಿಯಲ್ಲಿ ಮಾತ್ರ 0ಎಕ್ಸ್‌ಸಿ000007ಬಿ ಎಂಬ ಎರರ್. ಇವು ಎರಡು ಬೇರೆ ರೋಗಗಳು. ಒಟ್ಟಿಗೆ ಬಂದವು ಅಂತ ಒಂದೇ ಮದ್ದು ಹುಡುಕಬೇಡಿ.

ಮೊದಲು ಸರ್ವರ್. ಪ್ರಿಂಟರೂ ಜತೆಗೇ ಕೆಟ್ಟಿತು ಅಂದಿರಲ್ಲ, ಸುಳಿವು ಅಲ್ಲೇ ಇದೆ. ಹಳೆ ರೂಟರ್ 192.168.1.1 ಆಗಿದ್ದಿರಬೇಕು, ಸರ್ವರಿಗೂ ಪ್ರಿಂಟರಿಗೂ ಯಾರೋ ಆಗ ಕೈಯಾರೆ ವಿಳಾಸ ಕೊಟ್ಟಿದ್ದಾರೆ, 192.168.1.50, 192.168.1.60 ಅಂತ ಇಟ್ಟುಕೊಳ್ಳಿ. ಹೊಸ ರೂಟರ್ 192.168.29.1 ಅಥವಾ 192.168.0.1 ಅಂತ ಬಂದಿರುತ್ತದೆ. ಗಲ್ಲಾದ ಕಂಪ್ಯೂಟರ್ ರೂಟರಿನಿಂದ ಹೊಸ ಸಾಲಿನ ವಿಳಾಸ ತೆಗೆದುಕೊಂಡಿತು, ಸರ್ವರ್ ಮತ್ತು ಪ್ರಿಂಟರ್ ಹಳೆ ಸಾಲಿನಲ್ಲೇ ಕುಳಿತಿವೆ. ಒಂದೇ ವೈರಿನಲ್ಲಿದ್ದರೂ ಒಬ್ಬರಿಗೊಬ್ಬರು ಕಾಣುವುದಿಲ್ಲ. ಖಾತ್ರಿ ಮಾಡಿಕೊಳ್ಳಲು ಎರಡೂ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ಐಪಿಕಾನ್ಫಿಗ್' ಹೊಡೆಯಿರಿ. ಐಪಿವಿ4 ಅಡ್ರೆಸ್‌ನಲ್ಲಿ ಚುಕ್ಕೆಗಳಿಂದ ಬೇರ್ಪಟ್ಟ ಮೊದಲ ಮೂರು ಸಂಖ್ಯೆಗಳಲ್ಲಿ ಒಂದಾದರೂ ಬೇರೆ ಇದ್ದರೆ ಕಳ್ಳ ಸಿಕ್ಕ. ಸರ್ವರಿನಲ್ಲಿ ಇಂಟರ್ನೆಟ್ಟೂ ಬರುತ್ತಿರಲಿಕ್ಕಿಲ್ಲ, ನೋಡಿ.

ಇಲ್ಲಿ ಹೆಚ್ಚಿನವರು ಸರ್ವರಿನ ವಿಳಾಸ ಬದಲಿಸುತ್ತಾರೆ, ಆಮೇಲೆ ಪ್ರತಿ ಕೌಂಟರಿನ ಸೆಟ್ಟಿಂಗು, ಆಮೇಲೆ ಪ್ರಿಂಟರು, ಹೀಗೆ ಐದು ಕಡೆ ಕೈ ಹಾಕುತ್ತಾರೆ. ನಾನಾದರೆ ರೂಟರಿನ ವಿಳಾಸವನ್ನೇ ಬದಲಿಸುತ್ತೇನೆ. ಬ್ರೌಸರಿನಲ್ಲಿ ರೂಟರಿನ ಪುಟಕ್ಕೆ ಹೋಗಿ ಲ್ಯಾನ್ ಸೆಟ್ಟಿಂಗಿನಲ್ಲಿ ಅದರ ಐಪಿ 192.168.1.1 ಮಾಡಿ, ಡಿಎಚ್‌ಸಿಪಿ ವ್ಯಾಪ್ತಿ (ರೂಟರ್ ತಾನಾಗಿ ಹಂಚುವ ವಿಳಾಸಗಳು) 192.168.1.100ರಿಂದ 200ರ ತನಕ ಇಡಿ. 50 ಮತ್ತು 60 ಆ ವ್ಯಾಪ್ತಿಯ ಹೊರಗೇ ಇರಬೇಕು, ಇಲ್ಲದಿದ್ದರೆ ಯಾವತ್ತೋ ಒಂದು ದಿನ ವೇಟರಿನ ಮೊಬೈಲಿಗೆ ಸರ್ವರಿನ ವಿಳಾಸವೇ ಹೋಗಿಬಿಡುತ್ತದೆ. ಎಲ್ಲವನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಕೆಓಟಿ ಆಗಲೇ ಬರಬೇಕು.

ಗಲ್ಲಾ ಮಾತ್ರ ಬರಲಿಕ್ಕಿಲ್ಲ. ಯಾಕೆಂದರೆ ವಿಂಡೋಸ್ ನೆಟ್‌ವರ್ಕನ್ನು ಗುರುತಿಸುವುದು ರೂಟರಿನ ಗುರುತಿನಿಂದ. ಹೊಸ ರೂಟರ್ ಎಂದರೆ ಅದಕ್ಕೆ ಹೊಸ ಊರು. 'ಪಬ್ಲಿಕ್' ಎಂದು ಬರೆದುಕೊಂಡು ಬಾಗಿಲು ಹಾಕುತ್ತದೆ. ಸರ್ವರಿನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಆಂಡ್ ಇಂಟರ್ನೆಟ್, ಈಥರ್ನೆಟ್, ಅಲ್ಲಿ ನಿಮ್ಮ ಕನೆಕ್ಷನ್ ಒತ್ತಿ 'ಪ್ರೈವೇಟ್' ಮಾಡಿ. ಹಳೆ ಫೈರ್‌ವಾಲ್ ನಿಯಮಗಳು ಪ್ರೈವೇಟಿಗೆ ಬರೆದವಾಗಿದ್ದರೆ ಇಷ್ಟಕ್ಕೇ ಕೆಲಸ ಮುಗಿಯಬಹುದು.

ಮುಗಿಯದಿದ್ದರೆ 'ಎರರ್ 26' ಅಂದರೆ ಏನು ಅಂತ ತಿಳಿದುಕೊಳ್ಳಿ. ಗಲ್ಲಾದ ಸಾಫ್ಟ್‌ವೇರ್ 'ಎಸ್‌ಕ್ಯೂಎಲ್‌ಎಕ್ಸ್‌ಪ್ರೆಸ್ ಎಲ್ಲಿದೆ?' ಎಂದು ಯುಡಿಪಿ 1434 ಎಂಬ ಪೋರ್ಟಿನಲ್ಲಿ (ಕಂಪ್ಯೂಟರಿನ ನಂಬರು ಹಾಕಿದ ಬಾಗಿಲು) ಕೇಳಿತು, ಉತ್ತರ ಬರಲಿಲ್ಲ, ಅಷ್ಟೇ. ಉತ್ತರ ಕೊಡಬೇಕಾದದ್ದು ಎಸ್‌ಕ್ಯೂಎಲ್ ಸರ್ವರ್ ಬ್ರೌಸರ್ ಎಂಬ ಸರ್ವಿಸ್. ಹೆಸರು ನೋಡಿ ಮೋಸ ಹೋಗಬೇಡಿ, ಇಂಟರ್ನೆಟ್ ಬ್ರೌಸರಿಗೂ ಇದಕ್ಕೂ ಸಂಬಂಧವಿಲ್ಲ. ಸರ್ವಿಸಸ್ ತೆರೆದು ಅದನ್ನು 'ಆಟೊಮ್ಯಾಟಿಕ್' ಮಾಡಿ ಸ್ಟಾರ್ಟ್ ಒತ್ತಿ. ಮುಖ್ಯ ಎಸ್‌ಕ್ಯೂಎಲ್ ಸರ್ವರ್ ಸರ್ವಿಸ್ ಕೂಡ 'ರನ್ನಿಂಗ್' ಇದೆಯೇ ನೋಡಿ.

ಆಮೇಲೆ ಎಸ್‌ಕ್ಯೂಎಲ್ ಸರ್ವರ್ ಕಾನ್ಫಿಗರೇಶನ್ ಮ್ಯಾನೇಜರ್, ನೆಟ್‌ವರ್ಕ್ ಕಾನ್ಫಿಗರೇಶನ್, ಪ್ರೋಟೋಕಾಲ್ಸ್. ಟಿಸಿಪಿ/ಐಪಿ 'ಎನೇಬಲ್ಡ್' ಇರಬೇಕು. ಅದರ ಪ್ರಾಪರ್ಟೀಸ್‌ನಲ್ಲಿ 'ಐಪಿ ಅಡ್ರೆಸಸ್' ಟ್ಯಾಬಿನ ತಳಕ್ಕೆ ಇಳಿದರೆ 'ಐಪಿಆಲ್' ಸಿಗುತ್ತದೆ. 'ಟಿಸಿಪಿ ಡೈನಾಮಿಕ್ ಪೋರ್ಟ್ಸ್' ಖಾಲಿ ಬಿಡಿ. ಸೊನ್ನೆಯನ್ನೂ ಅಳಿಸಿ, ಇಲ್ಲಿ ಸೊನ್ನೆ ಎಂದರೆ 'ನಿನ್ನಿಷ್ಟದ ಪೋರ್ಟ್ ಆರಿಸಿಕೊ' ಎಂದರ್ಥ. ಕೆಳಗಿನ 'ಟಿಸಿಪಿ ಪೋರ್ಟ್' ಜಾಗದಲ್ಲಿ 1433 ಬರೆದು ಸರ್ವಿಸ್ ರೀಸ್ಟಾರ್ಟ್ ಮಾಡಿ. ಫೈರ್‌ವಾಲಿನ ಇನ್‌ಬೌಂಡ್ ರೂಲ್ಸ್‌ನಲ್ಲಿ ಟಿಸಿಪಿ 1433ಕ್ಕೆ ಒಂದು, ಯುಡಿಪಿ 1434ಕ್ಕೆ ಒಂದು ನಿಯಮ ಬರೆಯಿರಿ, ಪ್ರೈವೇಟಿಗೆ ಮಾತ್ರ. ಫೈರ್‌ವಾಲನ್ನೇ ಆಫ್ ಮಾಡಿ ಅನ್ನುವವರ ಮಾತು ಕೇಳಬೇಡಿ. ರೂಟರಿನಲ್ಲಿ 1433ಕ್ಕೆ ಪೋರ್ಟ್ ಫಾರ್ವರ್ಡಿಂಗ್ (ಇಂಟರ್ನೆಟ್ಟಿನಿಂದ ಒಳಗೆ ದಾರಿ ಬಿಡುವುದು) ಅಂತೂ ಬೇಡವೇ ಬೇಡ, ಅದು ಗಲ್ಲಾಪೆಟ್ಟಿಗೆಯನ್ನು ರಸ್ತೆಗೆ ತಂದಿಟ್ಟ ಹಾಗೆ.

ಪರೀಕ್ಷೆಗೆ ಪಿಂಗ್ (ಆ ಕಂಪ್ಯೂಟರ್ ಓಗೊಡುತ್ತದೆಯೇ ಎಂದು ನೋಡುವ ಕಮಾಂಡ್) ಸಾಲದು; ಪಿಂಗ್ ಬಂದರೂ ಪೋರ್ಟ್ ಮುಚ್ಚಿರಬಹುದು, ಪಿಂಗ್ ಬಾರದೆಯೂ ಪೋರ್ಟ್ ತೆರೆದಿರಬಹುದು. ಗಲ್ಲಾದ ಕಂಪ್ಯೂಟರಿನ ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ 192.168.1.50 -ಪೋರ್ಟ್ 1433 ಕೊಡಿ. ಕೊನೆಯ ಸಾಲು 'ಟ್ರೂ' ಎಂದರೆ ದಾರಿ ಸರಿಯಾಗಿದೆ. ಆಮೇಲೂ ಎರರ್ 18456 ಬಂದರೆ ಗಾಬರಿಯಾಗಬೇಡಿ: ಸರ್ವರ್ ಸಿಕ್ಕಿದೆ, ಲಾಗಿನ್ ಮಾತ್ರ ಆಗಲಿಲ್ಲ, ಹೆಚ್ಚಾಗಿ ಯೂಸರ್ ಅಥವಾ ಪಾಸ್‌ವರ್ಡ್ ತಪ್ಪು. ಕೌಂಟರ್ ವೈಫೈಯಲ್ಲಿದ್ದರೆ ಅದು ಗಿರಾಕಿಗಳ 'ಗೆಸ್ಟ್' ವೈಫೈ ಅಲ್ಲವೇ ಎಂದೂ ನೋಡಿ. ಗೆಸ್ಟಿನಿಂದ ಒಳಗಿನ ಕಂಪ್ಯೂಟರ್‌ಗಳು ಸಾಮಾನ್ಯವಾಗಿ ಕಾಣುವುದಿಲ್ಲ.

ಇನ್ನು ಹೊಸ ಪಿಸಿ. 0ಎಕ್ಸ್‌ಸಿ000007ಬಿ ಬರುವುದು ಹೆಚ್ಚಾಗಿ 64 ಬಿಟ್ ಪ್ರೋಗ್ರಾಮಿಗೆ 32 ಬಿಟ್ ಡಿಎಲ್‌ಎಲ್ (ಪ್ರೋಗ್ರಾಮಿಗೆ ಬೇಕಾದ ಸಹಾಯಕ ಫೈಲು) ಸಿಕ್ಕಾಗ, ಅಥವಾ ಅದರ ಉಲ್ಟಾ ಆದಾಗ. ಮೊದಲು 'ವಿಸಿರನ್‌ಟೈಮ್140.ಡಿಎಲ್‌ಎಲ್ ಇಲ್ಲ' ಅಂತ ಬಂತು, ಯಾವುದೋ ಸೈಟಿನಿಂದ ಇಳಿಸಿ ಸಿಸ್ಟಮ್32ಕ್ಕೆ ಹಾಕಿದ ಮೇಲೆ ಈ ನಂಬರ್ ಬಂತು ಎಂದು ನೀವೇ ಬರೆದಿದ್ದೀರಿ. ವಿಚಿತ್ರವೆಂದರೆ 64 ಬಿಟ್ ವಿಂಡೋಸಿನಲ್ಲಿ ಸಿಸ್ಟಮ್32ರಲ್ಲಿರುವುದು 64 ಬಿಟ್ ಫೈಲುಗಳು, 32 ಬಿಟ್‌ನವು ಸಿಸ್‌ವಾವ್64ರಲ್ಲಿ! ಹೆಸರು ನೋಡಿ ಹಾಕಿದರೆ ಉಲ್ಟಾ ಆಗುತ್ತದೆ. ಕೈಯಾರೆ ಹಾಕಿದ ಆ ಫೈಲನ್ನು ಅಳಿಸಿ; ಬಿಲ್ಲಿಂಗ್ ಫೋಲ್ಡರಿಗೂ ಹಾಕಿದ್ದರೆ ಅಲ್ಲಿಂದಲೂ. ನಂತರ ಮೈಕ್ರೋಸಾಫ್ಟ್ ಸೈಟಿನಿಂದಲೇ ವಿಷುಯಲ್ ಸಿ++ 2015–2022 ರೀಡಿಸ್ಟ್ರಿಬ್ಯೂಟಬಲ್ ತನ್ನಿ. ಎಕ್ಸ್86, ಎಕ್ಸ್64 ಎರಡನ್ನೂ ಹಾಕಿ, ಆಗಲೇ ಇದ್ದರೆ 'ರಿಪೇರ್' ಒತ್ತಿ, ರೀಸ್ಟಾರ್ಟ್ ಮಾಡಿ. ಆಮೇಲೆ ಬೇರೆ ಡಿಎಲ್‌ಎಲ್ ಹೆಸರು ಹೇಳಿದರೆ ಅದು ಪ್ರಗತಿಯೇ: ಎಂಎಸ್‌ವಿಸಿಆರ್100 ಎಂದರೆ 2010ರ ಪ್ಯಾಕೇಜ್, 120 ಎಂದರೆ 2013ರದ್ದು. ಡಾಟ್‌ನೆಟ್ 3.5 ಕೇಳಿದರೆ 'ವಿಂಡೋಸ್ ಫೀಚರ್ಸ್'ನಲ್ಲಿ ಟಿಕ್ ಹಾಕಿದರೆ ಆಯಿತು.

ಈ ಹೊಸ ಪಿಸಿಯನ್ನೇ ಮುಂದೆ ಸರ್ವರ್ ಮಾಡುವ ಯೋಚನೆ ಸರಿಯೇ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದರೆ ಮೊದಲು ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಪ್ರಾಂಪ್ಟಿನಲ್ಲಿ ಎಫ್‌ಎಸ್‌ಯುಟಿಲ್ ಎಫ್‌ಎಸ್‌ಇನ್ಫೋ ಸೆಕ್ಟರ್‌ಇನ್ಫೋ ಸಿ: ಕೊಟ್ಟು ಫಿಸಿಕಲ್ ಸೆಕ್ಟರಿನ (ಡಿಸ್ಕಿನ ಒಂದು ತುಂಡಿನ ಗಾತ್ರ) ಸಾಲುಗಳನ್ನು ನೋಡಿ. ವಿಂಡೋಸ್ 11ರಲ್ಲಿ ಕೆಲವು ಎನ್‌ವಿಎಂಇ ಡಿಸ್ಕುಗಳು 4096ಕ್ಕಿಂತ ಹೆಚ್ಚು ತೋರಿಸುತ್ತವೆ, ಹಾಗಿದ್ದರೆ ಎಸ್‌ಕ್ಯೂಎಲ್ ಸರ್ವರ್ ಸ್ಟಾರ್ಟೇ ಆಗುವುದಿಲ್ಲ. ಮೈಕ್ರೋಸಾಫ್ಟ್ ಇದಕ್ಕೊಂದು ರಿಜಿಸ್ಟ್ರಿ ಪರಿಹಾರ ಕೊಟ್ಟಿದೆ. ಸಾಟಾ ಎಸ್‌ಎಸ್‌ಡಿ ಒಂದನ್ನು ಸೇರಿಸಿ ಡೇಟಾಬೇಸ್ ಅಲ್ಲಿಡುವುದು ಇನ್ನೂ ಸಲೀಸು. ಡೇಟಾ ಸಾಗಿಸುವಾಗ ಮ್ಯಾನೇಜ್‌ಮೆಂಟ್ ಸ್ಟುಡಿಯೋದಿಂದ ಬ್ಯಾಕಪ್ ತೆಗೆದು ಆ ಫೈಲನ್ನೇ ಒಯ್ಯಿರಿ. ಸರ್ವಿಸ್ ಓಡುತ್ತಿರುವಾಗ ಡೇಟಾಬೇಸಿನ ಎಂಡಿಎಫ್ ಫೈಲ್ ಕಾಪಿ ಮಾಡಲು ಹೋದರೆ ವಿಂಡೋಸ್ ಬಿಡುವುದಿಲ್ಲ.

ಮತ್ತೆ, ಡೊಂಬಿವಲಿಯಲ್ಲಿ ಕರೆಂಟು ಹೋಗಿ ಬಂದ ಮೇಲೆ ಸರ್ವರ್ ತಾನಾಗಿ ಏಳಬೇಕಾದರೆ ಬಯಾಸ್‌ನಲ್ಲಿ 'ಎಸಿ ಪವರ್ ಲಾಸ್' ಆಯ್ಕೆಯನ್ನು 'ಪವರ್ ಆನ್' ಮಾಡಿ, ಸ್ಲೀಪ್ ಅನ್ನು 'ನೆವರ್' ಮಾಡಿ. ಯುಪಿಎಸ್‌ಗೆ ಸರ್ವರಿನ ಜತೆ ರೂಟರನ್ನೂ ಸಿಕ್ಕಿಸಿ.