ಹಾಲು ಬಿಡಿಸುವ ದಿನವೂ ಅಮ್ಮ ಹೊರಡುವ ದಿನವೂ ಒಂದೇ ಆಗಬಾರದು

ಶಿಡ್ಲಘಟ್ಟದ ಕಡೆಯ ಹಳ್ಳಿಯಿಂದ ಅತ್ತೆ, ಸೊಸೆ ಇಬ್ಬರೂ ಮಗುವಿಗೆ ಎದೆಹಾಲು ಬಿಡಿಸುವ ಬಗ್ಗೆ ಕೇಳಲು ನನ್ನ ಹತ್ತಿರ ಬಂದಿದ್ದರು. (ಗುರುತು ಸಿಗಬಾರದೆಂದು ಕೆಲವು ವಿವರ ಬದಲಾಯಿಸಿದ್ದೇನೆ.) ಸೊಸೆಯ ಮಡಿಲಲ್ಲಿ 14 ತಿಂಗಳ ಗಂಡು ಮಗು. ಆಕೆಗೆ ಸರ್ಕಾರಿ ಕೆಲಸ ಸಿಕ್ಕಿತ್ತು. ಮೈಸೂರಿನಲ್ಲಿ ಎರಡು ತಿಂಗಳ ತರಬೇತಿ, ಹಾಸ್ಟೆಲ್ ವಾಸ, ಮಗುವನ್ನು ಕರೆದೊಯ್ಯುವಂತಿಲ್ಲ. ಹೊರಡಲು ಐದು ವಾರ ಇತ್ತು. ಮಗು ಹಗಲಲ್ಲಿ ನಾಲ್ಕು ಸಲ, ಮಲಗುವಾಗ ಒಂದು ಸಲ, ರಾತ್ರಿ ಎಚ್ಚರವಾದಾಗಲೆಲ್ಲ ಎದೆಹಾಲು ಕುಡಿಯುತ್ತಿತ್ತು.

"ಹೊರಡೋ ಹಿಂದಿನ ದಿನ ಬೇವಿನೆಲೆ ಅರೆದು ಹಚ್ಕೊಂಡ್ರೆ ಆಯ್ತು ಮೇಡಂ. ನನ್ನ ಮೂರು ಮಕ್ಕಳಿಗೂ ಹಾಗೇ ಬಿಡಿಸಿದ್ದು" ಅಂದರು ಅತ್ತೆ. ಸೊಸೆ ತಲೆ ಎತ್ತಲಿಲ್ಲ. "ಎರಡು ವರ್ಷ ಕುಡಿಸಬೇಕು ಅಂತಾರಲ್ಲ. ಕೆಲಸಕ್ಕೋಸ್ಕರ ಮಗು ಬಾಯಿಂದ ಕಿತ್ಕೊಳ್ತಿದೀನಾ?" ಅಂದರು ಮೆಲ್ಲಗೆ.

ಆಕೆಗೇ ಮೊದಲು ಉತ್ತರ ಕೊಟ್ಟೆ. ಎರಡು ವರ್ಷ, ಅದಕ್ಕೂ ಜಾಸ್ತಿ ಕುಡಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ನಿಜ. ಆದರೆ 14 ತಿಂಗಳು ಕುಡಿಸಿದ್ದು ಮಗುವಿನ ಮೈಗೆ ಹತ್ತಿದೆ, ಅದನ್ನು ಯಾರೂ ವಾಪಸ್ ತೆಗೆಯಲಾಗದು. ವರ್ಷ ತುಂಬಿದ ಮಗುವಿಗೆ ಮನೆ ಊಟವೇ ಮುಖ್ಯ. ರಾಗಿ ಸರಿ, ಬೇಳೆ, ಸೊಪ್ಪು, ಮೊಟ್ಟೆ, ಕಾಯಿಸಿದ ಹಸುವಿನ ಹಾಲು ಸಾಕು. ಹಾಲು ಮಾತ್ರ ದಿನಕ್ಕೆ ಅರ್ಧ ಲೀಟರ್ ದಾಟದಿರಲಿ. ಹಾಲಲ್ಲೇ ಹೊಟ್ಟೆ ತುಂಬಿದರೆ ಊಟ ಸೇರದು, ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾಗುತ್ತದೆ.

ಆಮೇಲೆ ಅತ್ತೆಯ ಕಡೆ ತಿರುಗಿದೆ. "ಅಮ್ಮಾ, ಬೇವು ಹಚ್ಚಿದರೆ ಮಗು ಬಿಡಬಹುದು. ಆದರೆ ಕಹಿಯಾಗಿ ಅಳು ಬಂದಾಗ ಅದು ಓಡಿ ಹೋಗೋದು ಅದೇ ಅಮ್ಮನ ಹತ್ತಿರ ಅಲ್ವಾ? ಮಾರನೇ ದಿನ ಎದ್ದರೆ ಅಮ್ಮನೂ ಇಲ್ಲ." ಅವರು ಸುಮ್ಮನಾದರು. ನಾನು ಪಟ್ಟು ಹಿಡಿದದ್ದು ಇದೊಂದಕ್ಕೇ. ಎದೆಹಾಲು ಮೊದಲು ಹೋಗಲಿ, ಅಮ್ಮ ಇನ್ನೂ ಒಂದು ವಾರವಾದರೂ ಪಕ್ಕದಲ್ಲೇ ಇರಲಿ. ಹಾಲಿಲ್ಲದೆಯೂ ಅಮ್ಮ ಅಮ್ಮನೇ ಅಂತ ಮಗುವಿಗೆ ಗೊತ್ತಾಗಲಿ.

ಅವರದು ರೇಷ್ಮೆ ಸಾಕುವ ಮನೆ. ಆಗಷ್ಟೇ ಚಾಕಿ ಹುಳು, ಅಂದರೆ ಎಳೆಯ ರೇಷ್ಮೆ ಹುಳು ತಂದಿದ್ದರು. ನಾಲ್ಕನೇ ಜ್ವರ (ಹುಳು ಮೇಯದೆ ಪೊರೆ ಬಿಡುವುದನ್ನು ಜ್ವರ ಅನ್ನುತ್ತಾರೆ) ಎದ್ದ ಮೇಲೆ ಹುಳು ಹಗಲು ರಾತ್ರಿ ಸೊಪ್ಪು ಮೇಯುತ್ತದೆ, ಮನೆಯಲ್ಲಿ ಯಾರಿಗೂ ನಿದ್ದೆ ಇರದು. ಅದನ್ನು ನೋಡಿಕೊಂಡೇ ದಿನ ಗೊತ್ತು ಮಾಡಿದೆವು. ಮೊದಲು ಬೆಳಗ್ಗೆ 11 ಗಂಟೆಯ ಹಾಲು ನಿಲ್ಲಿಸುವುದು. ಆ ಹೊತ್ತಿಗೆ ಅಜ್ಜಿ ಸರಿ ತಿನ್ನಿಸಿ ಲೋಟದಲ್ಲಿ ಹಾಲು ಕುಡಿಸಲಿ, ಅಮ್ಮ ಕಣ್ಣಿಗೆ ಬೀಳದಿರಲಿ. ನಾಲ್ಕು ದಿನಕ್ಕೊಂದು ಹೊತ್ತಿನಂತೆ ಬಿಡಿಸುತ್ತಾ ಹೋಗುವುದು. ಹುಳು ಜೋರಾಗಿ ಮೇಯುವ ವಾರ ಹೊಸದೇನೂ ಬೇಡ. ಹಣ್ಣಾದ ಹುಳು ಚಂದ್ರಿಕೆಗೆ (ಗೂಡು ಕಟ್ಟಲು ಬಿಡುವ ತಟ್ಟಿಗೆ) ಬಿದ್ದ ಮೇಲೆ ಉಳಿದದ್ದು, ಕೊನೆಗೆ ರಾತ್ರಿಯದು. ರಾತ್ರಿ ಮಗುವನ್ನು ಮಲಗಿಸುವುದು ಅಪ್ಪನ ಕೆಲಸ ಅಂತ ಗಂಡನಿಗೆ ಫೋನಿನಲ್ಲೇ ಹೇಳಿದೆ.

ತಾಯಿಗೂ ಎಚ್ಚರಿಕೆ ಬೇಕು. ಹಾಲು ಕಟ್ಟಿ ಎದೆ ಕಲ್ಲಾದರೆ ನೋವು ಇಳಿಯುವಷ್ಟು ಮಾತ್ರ ಕೈಯಲ್ಲಿ ಹಿಂಡಿ ತೆಗೆಯಬೇಕು. ಪೂರ್ತಿ ಬರಿದು ಮಾಡಿದರೆ ಮತ್ತೆ ಅಷ್ಟೇ ಹಾಲು ಊರುತ್ತದೆ. ತಣ್ಣೀರ ಬಟ್ಟೆ ಇಡಬಹುದು. ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಬೇಡಿ. ಎದೆ ಕೆಂಪಾಗಿ ಜ್ವರ ಬಂದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ಹಾಲು ನಿಲ್ಲುವ ಮಾತ್ರೆಯನ್ನು ನೀವಾಗಿ ನುಂಗಬೇಡಿ. ಹಾಲು ಇಳಿಯುವಾಗ ಮೈಯೊಳಗಿನ ಹಾರ್ಮೋನೂ ಏರುಪೇರಾಗುತ್ತದೆ, ಕಾರಣವಿಲ್ಲದೆ ಅಳು ಬರಬಹುದು. ಎರಡು ವಾರ ಕಳೆದರೂ ಮಂಕು ಹೋಗದಿದ್ದರೆ ಬನ್ನಿ ಅಂದೆ.

ಹಗಲಿನದು ಸುಲಭವಾಗಿ ಹೋಯಿತು. ರಾತ್ರಿಯದು ಕಷ್ಟವಾಯಿತು. ಮೊದಲ ರಾತ್ರಿ ಮಗು ಅತ್ತೂ ಅತ್ತೂ ಅಪ್ಪನ ಹೆಗಲ ಮೇಲೆ ನಿದ್ದೆ ಹೋಯಿತಂತೆ. ಪಕ್ಕದ ಕೋಣೆಯಲ್ಲಿ ಆಕೆಯೂ ಅತ್ತರಂತೆ, ಕುಪ್ಪಸ ಒದ್ದೆಯಾಗಿತ್ತಂತೆ. ಐದನೇ ರಾತ್ರಿ ಜೋಲಿ ತೂಗಿದ್ದೇ ಸಾಕಾಯಿತು. ಹೊರಡಲು ಇನ್ನೂ ಎಂಟು ದಿನ ಇತ್ತು.

ಮೂರು ವಾರದ ನಂತರ ಆಕೆ ರಜೆಗೆ ಬಂದು ಫೋನ್ ಮಾಡಿದರು. ಮಗು ಅಜ್ಜಿಯ ಸೊಂಟ ಬಿಟ್ಟು ಇಳಿಯುತ್ತಿಲ್ಲ ಅಂತ ಗಂಟಲು ಕಟ್ಟಿತ್ತು. ಎಳೆದುಕೊಳ್ಳಬೇಡಿ, ಸುಮ್ನೆ ಅಲ್ಲೇ ಕೂತಿರಿ ಅಂದೆ. ಸಂಜೆ ಮತ್ತೆ ಫೋನ್ ಬಂತು. ಮಗು ತಾನಾಗಿಯೇ ಬಂದು, ಸೆರಗಿನೊಳಗೆ ಕೈ ತೂರಿಸಿ, ಹಾಲು ಕೇಳದೆ ಹಾಗೇ ಮಲಗಿತ್ತು.