ಫೋರ್ಕ್ ಮಾಡುವ ಮೊದಲು ಇದನ್ನು ನೋಡಿ

ನಮಸ್ಕಾರ. ಶಿಡ್ಲಘಟ್ಟದಲ್ಲಿ ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳಿಗೆ ರೇಷ್ಮೆಗೂಡಿನ ಲೆಕ್ಕ ಇಡಲು ಒಂದು ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ತಂತ್ರಾಂಶ ಬಳಸುತ್ತಿದ್ದೀರಿ. ಮೂಲ ತಂಡ ಆರು ತಿಂಗಳಾದರೂ ನಿಮ್ಮ ಪ್ಯಾಚ್ (ಕೋಡಿಗೆ ನೀವು ಮಾಡಿದ ಬದಲಾವಣೆ) ಸೇರಿಸಿಕೊಂಡಿಲ್ಲ. ಫೋರ್ಕ್ ಮಾಡಿದರೆ, ಅಂದರೆ ಕೋಡಿನ ಪ್ರತಿ ತೆಗೆದುಕೊಂಡು ಬೇರೆಯಾಗಿ ಬೆಳೆಸಿದರೆ, ಪ್ರಾಜೆಕ್ಟ್ ಉಳಿಯುತ್ತಾ ಅಂತ ಕೇಳಿದ್ದೀರಿ.

ಕೋಡ್ ಬರೆಯುವವರು ಯಾವ ಕಡೆ ಹೋಗುತ್ತಾರೆ ಅನ್ನುವುದರ ಮೇಲೆ ಅದು ನಿಂತಿದೆ. 2010ರಲ್ಲಿ ಪತ್ರ, ಲೆಕ್ಕದ ಹಾಳೆ ಮಾಡುವ ತಂತ್ರಾಂಶ ಓಪನ್‌ಆಫೀಸ್‌ನಿಂದ ಲಿಬ್ರೆಆಫೀಸ್ ಕವಲೊಡೆದಾಗ ಬಹಳ ಜನ ಹೊಸ ಕಡೆಗೆ ಬಂದರು. ಅದು ಬೆಳೆಯಿತು, ಹಳೆಯದು ಸೊರಗಿತು. ಸರ್ವರ್ ಕಡೆ ಜಾವಾಸ್ಕ್ರಿಪ್ಟ್ ಕೋಡ್ ಓಡಿಸುವ ನೋಡ್.ಜೆಎಸ್ ಕತೆ ಬೇರೆ. ಒಂದೇ ಕಂಪನಿಯ ಹಿಡಿತ ಜಾಸ್ತಿಯಾಯಿತು ಅಂತ 2014ರ ಕೊನೆಗೆ ಅದರ ಫೋರ್ಕ್ ಐಒ.ಜೆಎಸ್ ಹುಟ್ಟಿತು. 2015ರಲ್ಲಿ ಎರಡೂ ಮತ್ತೆ ಒಂದಾದವು, ನೋಡ್ 4 ಆವೃತ್ತಿ ಬಂತು. ಆ ಫೋರ್ಕ್‌ನಿಂದ ಪ್ರಾಜೆಕ್ಟ್ ನಡೆಸುವ ರೀತಿಯೇ ಬದಲಾಯಿತು. ನನಗೆ ತುಂಬಾ ಇಷ್ಟವಾದ ಉದಾಹರಣೆ ಇದು.

ಆದರೆ ಅವರ ಹಿಂದೆ ದೊಡ್ಡ ಗುಂಪಿತ್ತು. ನೀವು ಇಬ್ಬರೇ ಅಲ್ವಾ? ನಾನು ಇಲ್ಲೇ ಚಿಕ್ಕಬಳ್ಳಾಪುರದ ಒಂದು ಗೊಬ್ಬರದ ಅಂಗಡಿಗೆ ಬಿಲ್ಲಿಂಗ್ ತಂತ್ರಾಂಶವನ್ನು ಫೋರ್ಕ್ ಮಾಡಿ ಕೊಟ್ಟಿದ್ದೆ. ಒಂದು ವರ್ಷ ಏನೂ ತೊಂದರೆ ಇರಲಿಲ್ಲ. ಆಮೇಲೆ ಮೂಲದಲ್ಲಿ ಸೆಕ್ಯುರಿಟಿ ದೋಷಕ್ಕೆ ಪ್ಯಾಚ್ ಬಂತು. ಅಷ್ಟರಲ್ಲಿ ನನ್ನ ಕೋಡ್ ತುಂಬಾ ದೂರ ಹೋಗಿತ್ತು. ಎರಡನ್ನೂ ಮರ್ಜ್ ಮಾಡಲು (ಒಂದಾಗಿ ಸೇರಿಸಲು) ಮೂರು ವಾರ ಹಿಡಿಯಿತು. ಫೀಚರ್ ಬರೆಯುವುದು ಸುಲಭ, ವರ್ಷಗಟ್ಟಲೆ ಮೂಲದ ಜೊತೆ ಹೆಜ್ಜೆ ಹಾಕುವುದೇ ಕಷ್ಟ.

ಗೂಡಿನ ತೂಕ, ಹರಾಜಿನ ದರ ಇಷ್ಟೇ ಬೇಕಿದ್ದರೆ ಪ್ಲಗಿನ್ (ಮೂಲ ಕೋಡ್ ಮುಟ್ಟದೆ ಹೊರಗಿನಿಂದ ಜೋಡಿಸುವ ಭಾಗ) ಆಗಿ ಬರೆಯಿರಿ. ಪ್ಯಾಚನ್ನು ಸಣ್ಣ ಸಣ್ಣದಾಗಿ ಒಡೆದು ಮತ್ತೆ ಕಳಿಸಿ. ಸುಮ್ನೆ ಕಾಯಬೇಡಿ, ತಂಡದವರಿಗೆ ನೆನಪಿಸಿ. ಫೋರ್ಕ್ ಮಾಡಲೇಬೇಕು ಅಂದರೆ ಹೆಸರು ಬದಲಿಸಿ, ಬಳಕೆಯ ಷರತ್ತುಗಳಿರುವ ಲೈಸೆನ್ಸ್ ಫೈಲ್ ಹಾಗೇ ಇಡಿ, ತಿಂಗಳಿಗೊಮ್ಮೆಯಾದರೂ ಮೂಲದಿಂದ ಮರ್ಜ್ ಮಾಡಿ. ಲೈಸೆನ್ಸ್ ಯಾವುದು ಅಂತ ತಿಳಿಸಿದರೆ ಇನ್ನಷ್ಟು ಹೇಳುತ್ತೇನೆ.